ಮೈದಾನದಿಂದ ಇಳಿದ ನೀರು

ನನ್ನ ಗಂಡ ಗೋಲ್ಫ್ ಮೈದಾನದಲ್ಲಿ ಮೇಸ್ತ್ರಿಯಾಗಿದ್ದರು. ಮದುವೆಯ ಮಾತುಕತೆಯ ಹೊತ್ತಿನಲ್ಲಿ ಜೆಪ್ಪುವಿನ ನಮ್ಮ ಮನೆಯಲ್ಲಿ ಅದು ಎಂಥ ಕೆಲಸವೆಂದು ಯಾರಿಗೂ ಅರ್ಥವಾಗಲಿಲ್ಲ. ಹಂಚಿನ ಕಾರ್ಖಾನೆಯಲ್ಲಿ ದುಡಿದು ಬೆನ್ನು ಬಗ್ಗಿಸಿಕೊಂಡಿದ್ದ ನನ್ನ ಅಪ್ಪ, "ದೊರೆಗಳ ಮೈದಾನ ಅಂದ್ರೆ ಸರಕಾರದ್ದೇ ಆಯ್ತಲ್ಲ" ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಅದು ಸರಕಾರದ್ದಾಗಿರಲಿಲ್ಲ. ಕಾಫಿ, ಹಂಚು, ಹಡಗುಗಳ ವ್ಯಾಪಾರ ನಡೆಸುತ್ತಿದ್ದ ಕೆಲವು ಬಿಳಿಯರು ತಮ್ಮ ಸಂಜೆ ಕಳೆಯಲು ಮಾಡಿಕೊಂಡಿದ್ದ ಕ್ಲಬ್ಬು ಅಷ್ಟೆ. ಅದು ನನಗೆ ತಿಳಿದದ್ದು ಮದುವೆಯಾಗಿ ಕೊಟ್ಟಾರದ ಆಚೆಗಿನ ಆ ತಗ್ಗಿಗೆ ಬಂದ ಮೇಲೆ.

ಕೂಳೂರಿನ ದೋಣಿಕಡವಿಗೆ ಹೋಗುವ ದಾರಿಯಲ್ಲಿ ಬಲಕ್ಕೆ ಏರಿದರೆ ಕೆಂಪು ಮುರಕಲ್ಲಿನ ಒಂದು ಗುಡ್ಡೆ. ಅದರ ನೆತ್ತಿ ಅಂಗೈಯ ಹಾಗೆ ಚಪ್ಪಟೆ, ನಡುವೆ ಸ್ವಲ್ಪ ತಗ್ಗು. ಹಿಂದೆ ನಮ್ಮ ಕಡೆಯವರು ಮನೆಯ ಮಾಡಿಗೆ ಹೊದಿಸುವ ಮುಳಿಹುಲ್ಲನ್ನು ಅಲ್ಲಿಂದಲೇ ಕೊಯ್ದು ತರುತ್ತಿದ್ದರಂತೆ. ದೊರೆಗಳು ಬಂದು ಬೇಲಿ ಹಾಕಿದ ಮೇಲೆ ಹುಲ್ಲು ಅವರದಾಯಿತು. ಗುಡ್ಡೆಯ ಬುಡದಲ್ಲಿ ಬೆರಳೆಣಿಕೆಯ ಮನೆಗಳು, ಎಲ್ಲ ಮನೆಗೂ ಸೇರಿ ಒಂದೇ ಬಾವಿ. ಏರಿಗೆ ಒರಗಿಕೊಂಡ ಹಾಗಿದ್ದ ಮೊದಲ ಮನೆ ಮೀನು ಮಾರುವ ಹೆಂಗಸೊಬ್ಬಳದು. ಗಂಡ ಕಡಲಿಗೆ ಹೋದವನು ತಿರುಗಿ ಬಂದಿರಲಿಲ್ಲ. ನನಗಿಂತ ಇಪ್ಪತ್ತು ವರ್ಷವಾದರೂ ದೊಡ್ಡವಳು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಅವಳು ನನ್ನನ್ನು, ಇಗರ್ಜಿಗೆ ಹೋಗುವ ಎಲ್ಲ ಹೆಂಗಸರನ್ನೂ ಕರೆಯುವ ಹಾಗೆ, ಬಾಯಿ ಎನ್ನುತ್ತಿದ್ದಳು; ನನ್ನ ಗಂಡನನ್ನು ಪೊರ್ಬುಗಳು ಎನ್ನುತ್ತಿದ್ದಳು. ನಾನು ಹುಡುಗಿಯರ ಶಾಲೆಯೊಂದರಲ್ಲಿ ಟೀಚರಾಗಿ ಸೇರಿದ ಮೇಲೆ 'ಟೀಚರ್ ಬಾಯಿ' ಆದೆ.

ಮಳೆಗಾಲದಲ್ಲಿ ಗೋಲ್ಫ್ ಮೈದಾನವನ್ನು ನೋಡಿಕೊಳ್ಳುವುದೆಂದರೆ ಏನೆಂದು ನಾನು ನನ್ನ ಗಂಡನ ಕಾಲು ನೋಡಿ ತಿಳಿದುಕೊಂಡೆ. ಬೆರಳ ಸಂದಿಗಳೆಲ್ಲ ಕೆಸರಿಗೆ ಕೊಳೆತು ಬೆಳ್ಳಗಾಗಿರುತ್ತಿದ್ದವು. ಆ ಮೈದಾನದಲ್ಲಿ ಚೆಂಡನ್ನು ಕುಳಿಗೆ ತಳ್ಳುವ ಜಾಗಗಳಲ್ಲಿ ಹುಲ್ಲು ಇರಲಿಲ್ಲ. ನಮ್ಮ ಬೇಸಿಗೆಗೆ ಅಂಥ ನಯವಾದ ಹುಲ್ಲು ಉಳಿಯುವುದಿಲ್ಲವೆಂದು ಮರಳಿಗೆ ಮೋಟಾರಿನ ಹಳೆ ಎಣ್ಣೆ ಕಲಸಿ, ತಟ್ಟಿ, ದುಂಡಗೆ ಸಮ ಮಾಡಿರುತ್ತಿದ್ದರು. ಅದಕ್ಕೆ ಅವರು 'ಬ್ರೌನ್' ಎನ್ನುತ್ತಿದ್ದರು. ಬೇಸಿಗೆಯಲ್ಲಿ ಅದು ಒರೆಸಿದ ನೆಲದ ಹಾಗಿರುತ್ತಿತ್ತು. ಒಂದು ಜೋರು ಮಳೆ ಬಂದರೆ ಮರಳೆಲ್ಲ ಕೊಚ್ಚಿಕೊಂಡು ಹೋಗಿ ಕೆಳಗಿನ ಮುರಕಲ್ಲು ಹಲ್ಲು ಕಿರಿಯುತ್ತಿತ್ತು. ಮಳೆಗೆ ತಲೆ ಬೆನ್ನು ಮುಚ್ಚುವ ಓಲೆಯ ಗೊರಬೆ ಹೊತ್ತ ಹೆಂಗಸರು ಮರಳು ಹೋದ ದಾರಿ ಹಿಡಿದು ಇಳಿದು, ಬಾಚಿ, ಬುಟ್ಟಿಯಲ್ಲಿ ತುಂಬಿ ಮೇಲೆ ತರಬೇಕು. ಅದನ್ನು ಹರಡಿ ತಟ್ಟುವಷ್ಟರಲ್ಲಿ ಇನ್ನೊಂದು ಮಳೆ. ಹುಲ್ಲು ಒಂದು ಕಡೆ ಕೊಯ್ದು ಮುಗಿಸುವಾಗ ಇನ್ನೊಂದು ಕಡೆ ಮೊಣಕಾಲಿಗೆ ಬಂದಿರುತ್ತಿತ್ತು. ಕೊಯ್ದ ಹುಲ್ಲನ್ನು ಸಾಗಿಸಲು ಗಾಡಿ ಬರುವಂತಿಲ್ಲ, ಚಕ್ರ ಹೂತುಹೋಗುತ್ತದೆ. ಅದು ಅಲ್ಲಲ್ಲೇ ರಾಶಿ ಬಿದ್ದು ಕೊಳೆಯುತ್ತಿತ್ತು. ಎತ್ತುಗಳು ಎಳೆಯುವ ಕಲ್ಲಿನ ರೋಲರನ್ನಂತೂ ಜೂನ್ ತಿಂಗಳಿಂದ ಮುಟ್ಟುವ ಹಾಗೆಯೇ ಇಲ್ಲ. ಮೈದಾನದ ಅಂಚಿನ ಪಾದೆಗಲ್ಲಿನ ಮೇಲೆ ನಿಲ್ಲಿಸಿ, ಉರುಳದ ಹಾಗೆ ಅಡಿಗೆ ಕಲ್ಲು ಕೊಟ್ಟು ಬಿಡುತ್ತಿದ್ದರು.

ನಾನು ಬಂದ ಹೊಸದರಲ್ಲಿ ಕ್ಲಬ್ಬಿನ ಸೆಕ್ರೆಟರಿ ಒಬ್ಬ ಮುದುಕ. ಮಳೆ ಹಿಡಿಯಿತೆಂದರೆ ಗೇಟಿಗೆ ಸರಪಳಿ ಹಾಕಿಸಿ, ಮರಳು ಮಾತ್ರ ಆದಷ್ಟು ಕಾಪಾಡಿ ಎಂದು ಹೇಳಿ, ಒಳಗೆ ಕೂತು ಇಸ್ಪೀಟು ಆಡುತ್ತಿದ್ದನಂತೆ. ಅವನು ತನ್ನ ದೇಶಕ್ಕೆ ಹೋದ ಮೇಲೆ ಬಂದವನು ಚಿಕ್ಕ ಪ್ರಾಯದವನು. ಒಂದು ವ್ಯಾಪಾರದ ಕಂಪೆನಿಯಲ್ಲಿ ಅಧಿಕಾರಿ. ಮಳೆಗಾಲದಲ್ಲಿ ಬಂದರಿಗೆ ಹಡಗು ಬರುವುದಿಲ್ಲ, ಅವನಿಗೆ ಮಾಡಲು ಕೆಲಸವಿಲ್ಲ. ಕೆಲಸವಿಲ್ಲದ ಆ ಮನುಷ್ಯ ನಮಗೆಲ್ಲ ಕೆಲಸ ಹುಡುಕಿಕೊಟ್ಟ. ಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮೊದಲಿನ ಮಾತು. ಆಗಸ್ಟ್ ತಿಂಗಳಲ್ಲಿ ಒಂದು ಪಂದ್ಯ ಇಟ್ಟುಕೊಂಡ. ಮದರಾಸಿನಿಂದ ಯಾರೋ ದೊಡ್ಡವರು ಬರುವವರಿದ್ದರು, ಘಟ್ಟದ ಮೇಲಿನ ತೋಟದ ದೊರೆಗಳೂ ಇಳಿದು ಬರುವವರಿದ್ದರು. ಆ ವರ್ಷ ಆಟಿ ತಿಂಗಳ ಮಳೆ ಬಿಡಲೇ ಇಲ್ಲ. ಮೈದಾನದ ನಡುವಿನ ತಗ್ಗಿನಲ್ಲಿ ಕೆರೆಯ ಹಾಗೆ ನೀರು ನಿಂತಿತು.

ಒಂದು ಸಂಜೆ ನನ್ನ ಗಂಡ ಮನೆಗೆ ಬಂದವರು ಗೊರಬೆಯನ್ನು ಗೋಡೆಗೆ ಒರಗಿಸಿ, ಚಾ ಕುಡಿಯದೆ ಕೂತರು.

"ಎಂತ ಆಯ್ತು?" ಎಂದೆ.

"ನೀರು ಬಿಡ್ಲಿಕ್ಕುಂಟಂತೆ. ಈ ಬದಿಯ ದಂಡೆ ಕಡಿದು."

"ಈ ಬದಿ ಅಂದ್ರೆ?"

ಅವರು ಹೊರಗೆ ಕೈ ತೋರಿಸಿದರು. ಅಕ್ಕನ ಮನೆಯ ಕಡೆಗೆ, ಬಾವಿಯ ಕಡೆಗೆ.

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. "ಕೆಳಗೆ ಮನೆ ಉಂಟು, ಬಾವಿ ಉಂಟು ಅಂತ ಹೇಳಿದ್ರಾ?"

"ಹೇಳಿದೆ. ಅವನಿಗೆ ಗೊತ್ತುಂಟು. ನೀರು ಹೇಗೂ ಕೆಳಗೇ ಹೋಗುವುದಲ್ಲ ಅಂದ. ಆಚೆ ಬದಿ ಕಲ್ಲು ಕಡಿದ ಕೋರೆಗೆ ಬಿಡುವಾ ಅಂದೆ. ಅದು ಅವರು ಆಡುವ ದಾರಿಗೆ ಅಡ್ಡ ಆಗ್ತದಂತೆ, ಚೆಂಡು ಬೀಳ್ತದಂತೆ."

"ಚೆಂಡು!"

"ಬೊಬ್ಬೆ ಹಾಕ್ಬೇಡ ಮಾರಾಯ್ತಿ."

"ಮತ್ತೆ ನೀವೆಂತ ಮಾಡ್ತೀರಿ?"

"ನಾನು ಮಾಡದಿದ್ರೆ ಇನ್ನೊಬ್ಬನ ಹತ್ರ ಮಾಡಿಸ್ತಾನೆ. ನಾನಾದ್ರೆ ಸ್ವಲ್ಪ ಸಣ್ಣದಾಗಿ ಕಡಿಸ್ತೇನೆ."

ಆ 'ಸಣ್ಣದಾಗಿ' ಎಂಬ ಮಾತಿಗೆ ನನ್ನ ಮೈ ಉರಿದುಹೋಯಿತು. ಸೆಕ್ರೆಟರಿಯ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಆ ಗಳಿಗೆಯಲ್ಲಿ ಗಂಡನ ಮೇಲೆ ಬಂತು. ಅವರು ಕೆಟ್ಟವರಾಗಿರಲಿಲ್ಲ. ಆ ಮೈದಾನವನ್ನು ತಮ್ಮ ಕೈಯಿಂದ ಬೆಳೆಸಿದ ಹಾಗೆ ನೋಡಿಕೊಂಡಿದ್ದರು. ಅದಕ್ಕೇ ಅವರಿಗೆ ಅಲ್ಲಿ ಬೇಡ ಎನ್ನಲು ಬಾಯಿ ಬರುತ್ತಿರಲಿಲ್ಲ. ನಾನು ಗಂಜಿ ಬಡಿಸಿ ಎದುರಿಗಿಟ್ಟು ಎದ್ದು ಹೋದೆ.

ಮರುದಿನ ಶುಕ್ರವಾರ. ಶಾಲೆ ಬಿಟ್ಟು ನಾನು ಕೊಡೆ ಹಿಡಿದು ಬರುವಾಗ ತಗ್ಗಿನ ತಿರುವಿನಲ್ಲೇ ಸದ್ದು ಕೇಳಿಸಿತು. ಮಳೆಯ ಸದ್ದಲ್ಲ, ದಪ್ಪನೆಯ ಬೇರೊಂದು ಸದ್ದು. ಗುಡ್ಡೆಯ ಮೇಲಿಂದ ಕೆಂಪು ನೀರು, ಕಲ್ಲು, ಹುಲ್ಲಿನ ಬೇರು ಎಲ್ಲ ಒಟ್ಟಿಗೆ ಇಳಿಯುತ್ತಿತ್ತು. ಸಣ್ಣದಾಗಿ ಕಡಿದ ಬಾಯಿಯನ್ನು ನೀರು ತನಗೆ ಬೇಕಾದಷ್ಟು ದೊಡ್ಡದು ಮಾಡಿಕೊಂಡಿತ್ತು.

ಅಕ್ಕನ ಮನೆಯ ಹಿಂದಿನ ಗೋಡೆ ಮಣ್ಣಿನದು. ಅದು ನಾನು ನೋಡುತ್ತಿದ್ದಂತೆಯೇ ಬಿತ್ತು. ದೊಡ್ಡ ಶಬ್ದವೇನೂ ಆಗಲಿಲ್ಲ, ಒದ್ದೆ ಬಟ್ಟೆ ಜಾರಿದ ಹಾಗೆ ಕುಸಿಯಿತು. ಅಕ್ಕ ಅಂಗಳದಲ್ಲಿದ್ದಳು, ಹಾಗಾಗಿ ಬದುಕಿದಳು. ಆ ಗೋಡೆಯ ಪಕ್ಕದಲ್ಲೇ ಅವಳು ಒಣಮೀನಿನ ಕುಕ್ಕೆಗಳನ್ನು ಜೋಡಿಸಿಟ್ಟಿದ್ದಳು. ಬೇಸಿಗೆಯಲ್ಲಿ ಕಡಲ ಹೊಯಿಗೆಯ ಮೇಲೆ ಕಾಗೆ ಓಡಿಸುತ್ತ ಒಣಗಿಸಿದ್ದು. ಕಡಲಿಗೆ ದೋಣಿ ಇಳಿಯದ ತಿಂಗಳುಗಳಲ್ಲಿ ಅವಳು ಮಾರುವುದೂ ಅದನ್ನೇ, ಉಣ್ಣುವುದೂ ಅದನ್ನೇ. ನೀರು ಕುಕ್ಕೆಗಳನ್ನು ಎತ್ತಿಕೊಂಡು ಅಂಗಳಕ್ಕೆ ತಂದು ಮಗುಚಿ ಹಾಕಿತು. ನಂಗು, ಸಿಗಡಿ, ಬಂಗುಡೆ ಎಲ್ಲ ಕೆಂಪು ಕೆಸರಿನಲ್ಲಿ ತೇಲಿದವು. ಸತ್ತು ಒಣಗಿದ ಮೀನು ಮತ್ತೆ ಈಜುವುದನ್ನು ನಾನು ಕಂಡೆ. ಅಕ್ಕ ಸೊಂಟದವರೆಗೆ ನೀರಿಗಿಳಿದು ಅವನ್ನು ಸೆರಗಿಗೆ ತುಂಬುತ್ತಿದ್ದಳು.

"ಬಿಡು ಅಕ್ಕ, ಮೇಲೆ ಬಾ" ಎಂದು ನಾನು ಕೈ ಹಿಡಿದೆ.

"ಬಿಡ್ಲಿಕ್ಕೆ ನಿನ್ನದಾ?" ಎಂದು ಕೈ ಕೊಸರಿಕೊಂಡಳು. ಮತ್ತೆ ನನ್ನ ಮುಖ ನೋಡದೆ ಕೇಳಿದಳು, "ಪೊರ್ಬುಗಳು ಕಡಿಸಿದ್ದಂತೆ, ಹೌದಾ?"

ನಾನು ಹೌದೆಂದೆ. ಬೇರೆ ಏನು ಹೇಳಲಿ? ಅವಳು ಸೆರಗಿನಲ್ಲಿದ್ದದ್ದನ್ನೆಲ್ಲ ತಿರುಗಿ ನೀರಿಗೆ ಬಿಟ್ಟು ನಿಂತಳು.

ನೀರು ಅಲ್ಲಿಂದ ಬಾವಿಗೆ ಹೋಯಿತು. ಬಾವಿಕಟ್ಟೆಯ ಕಲ್ಲುಗಳ ಸಂದಿಯಿಂದ, ಆಮೇಲೆ ಕಟ್ಟೆಯ ಮೇಲಿನಿಂದಲೇ ಒಳಗೆ ಸುರಿಯಿತು. ಮಳೆ ಸ್ವಲ್ಪ ತಗ್ಗಿದಾಗ ನಾನು ಕೊಡಪಾನ ಇಳಿಸಿ ಎಳೆದೆ. ಬಂದದ್ದು ಇಟ್ಟಿಗೆ ಬಣ್ಣದ ರಾಡಿ ನೀರು. ಮೇಲೆ ಎಣ್ಣೆ, ನವಿಲುಗರಿಯ ಬಣ್ಣಗಳಲ್ಲಿ ತೇಲುತ್ತಿತ್ತು. ಬ್ರೌನಿನ ಎಣ್ಣೆ. ಅವರ ಮೋಟಾರಿನಲ್ಲಿ ಉರಿದು, ಅವರ ಆಟಕ್ಕೆ ಹಾಸಿ, ಕಡೆಗೆ ನಮ್ಮ ಕುಡಿಯುವ ನೀರಿಗೆ ಬಂದಿತ್ತು.

ಆ ಸಂಜೆ ನನ್ನ ಗಂಡ ಬಂದಾಗ ಅಂಗಳದಲ್ಲಿ ಎಲ್ಲ ಮನೆಯವರೂ ನಿಂತಿದ್ದರು. ಯಾರೂ ಅವರನ್ನು ಬೈಯಲಿಲ್ಲ. ಬೈದಿದ್ದರೆ ಅವರಿಗೆ ಹಗುರಾಗುತ್ತಿತ್ತು. ಅವರು ನೇರ ಅಕ್ಕನ ಮನೆಗೆ ಹೋಗಿ, ಬಿದ್ದ ಗೋಡೆಯ ಮಣ್ಣು ಬಾಚತೊಡಗಿದರು. ಅಕ್ಕ ಆ ರಾತ್ರಿ ನಮ್ಮ ಮನೆಯಲ್ಲಿ ಮಲಗಿದಳು.

ಶನಿವಾರ ಬೆಳಿಗ್ಗೆ ಬಿಸಿಲು ಬಂತು. ಅವರ ಅದೃಷ್ಟಕ್ಕೆ ಬಂದ ಬಿಸಿಲು. ಕಾರುಗಳು ಗುಡ್ಡೆ ಹತ್ತುವ ಸದ್ದು ಕೇಳಿಸಿತು, ನಗು ಕೇಳಿಸಿತು. ನೀರು ಬಸಿದ ಮೈದಾನದಲ್ಲಿ ಅವರು ಆಡುತ್ತಿದ್ದರು. ನಾನು ಬಾವಿಯ ಬಳಿ ನಿಂತಿದ್ದೆ. ಅನ್ನ ಬೇಯಿಸಲು ಒಂದು ಕೊಡಪಾನ ಒಳ್ಳೆಯ ನೀರಿಗಾಗಿ ಹೆಂಗಸರು ಕೊಟ್ಟಾರದವರೆಗೆ ಹೋಗಿ ಬರುತ್ತಿದ್ದರು. ಮಧ್ಯಾಹ್ನ ದಾಟಿದ ಮೇಲೆ ಪಡುವಣ ಕಡೆ ಮತ್ತೆ ಕಪ್ಪಾಯಿತು.

"ಅಕ್ಕ, ನಾನು ಮೇಲೆ ಹೋಗ್ತೇನೆ" ಎಂದೆ.

"ಎಂತಕ್ಕೆ?"

"ಈ ನೀರು ಕೊಟ್ಟು ಬರ್ಲಿಕ್ಕೆ."

ಅವಳು ತನ್ನ ಕೊಡಪಾನವನ್ನೂ ಬಾವಿಗೆ ಇಳಿಸಿದಳು. ಅದನ್ನು ಕಂಡು ಉಳಿದ ಹೆಂಗಸರೂ ಬಂದರು. ಯಾರೂ ಯಾರನ್ನೂ ಕರೆಯಲಿಲ್ಲ. ಕೊಡಪಾನ ಸೊಂಟದಲ್ಲಿಟ್ಟುಕೊಂಡು ನಾವು ಗುಡ್ಡೆ ಹತ್ತುವಾಗ ಮಳೆ ಶುರುವಾಯಿತು.

ಕ್ಲಬ್ಬಿನ ಜಗಲಿಯಲ್ಲಿ ಅವರೆಲ್ಲ ಮಳೆಗೆ ಓಡಿ ಬಂದು ಕೂತಿದ್ದರು. ಬೆತ್ತದ ಕುರ್ಚಿಗಳು, ಬಿಳಿ ಬಟ್ಟೆ ಹಾಸಿದ ಮೇಜು, ಚಾ, ಕೇಕು. ಮೆಟ್ಟಿಲಿನ ಬಳಿ ಬಟ್ಲರ್ ನಮ್ಮನ್ನು ತಡೆದ. ನಾನು ಅವನನ್ನು ದಾಟಿ ಹೋದೆ. ಕೊಡಪಾನವನ್ನು ಆ ಬಿಳಿ ಬಟ್ಟೆಯ ಮೇಲೆ, ಕೇಕಿನ ಪಕ್ಕದಲ್ಲಿ ಇಟ್ಟೆ. ತುಳುಕಿದ ನೀರು ಬಟ್ಟೆಯನ್ನು ಕೆಂಪು ಮಾಡಿತು.

ಕನ್ಯಾಸ್ತ್ರೀಯರು ನನಗೆ ಕಲಿಸಿದ ಇಂಗ್ಲಿಷಿನಲ್ಲಿ ಸೆಕ್ರೆಟರಿಗೆ ಹೇಳಿದೆ: "ಇದು ನಮ್ಮ ಬಾವಿಯ ನೀರು. ದಯವಿಟ್ಟು ಇದರಲ್ಲಿ ಚಾ ಮಾಡಿಸಿ ಕುಡಿಯಿರಿ."

ಅವನ ಮುಖ ಕೊಡಪಾನದ ನೀರಿನ ಬಣ್ಣಕ್ಕೆ ತಿರುಗಿತು. ಅವನು ಮದರಾಸಿನ ಅತಿಥಿಯ ಕಡೆ ತಿರುಗಿ, "ಇಲ್ಲಿಯ ಮಳೆಯೇ ಹೀಗೆ, ಪ್ರತಿ ವರ್ಷ ಇವರಿಗೆ ಇದೇ ತೊಂದರೆ" ಎಂದ. ಅತಿಥಿ ತಲೆಯಾಡಿಸಿ, ಪಾಪ ಎಂಬ ಹಾಗೆ ನನ್ನನ್ನು ನೋಡಿದ.

ಇವತ್ತಿಗೂ ನನಗೆ ಸಿಟ್ಟು ಬರುವುದು ಆ ಒಂದು ಮಾತಿಗೆ. ಕಡಿಸಿದವನು ಅವನು, ಹೆಸರು ಮಳೆಗೆ. ನಾನು ಹುಟ್ಟಿದಾಗಿನಿಂದ ಆ ಮಳೆಯನ್ನು ನೋಡಿದ್ದೇನೆ, ಅದು ನಮ್ಮ ಬಾವಿಗೆ ಎಣ್ಣೆ ಹೊಯ್ದದ್ದನ್ನು ಕಂಡಿರಲಿಲ್ಲ.

"ಮಳೆಯಲ್ಲ, ನೀವು" ಎಂದೆ. ದನಿ ಏರಿತ್ತು. "ನಿಮ್ಮ ಚೆಂಡಿಗಾಗಿ ನೀವು."

"ಮೇಸ್ತ್ರಿ!" ಎಂದು ಅವನು ಕೂಗಿದ. ನನ್ನ ಗಂಡ ಹುಲ್ಲು ಕೊಯ್ಯುವವರ ಜೊತೆ ಜಗಲಿಯ ಮೂಲೆಯಲ್ಲಿ ಮಳೆಗೆ ನಿಂತಿದ್ದರು. "ಈ ಹೆಂಗಸರನ್ನು ಹೊರಗೆ ಹಾಕು."

ನನ್ನ ಗಂಡ ಹತ್ತಿರ ಬಂದರು. ನನ್ನ ಮೈಮೇಲೆ ಕೈ ಹಾಕುತ್ತಾರೆಂದೇ ನಾನು ಎಣಿಸಿದೆ. ಅವರು ಕೊಡಪಾನ ಎತ್ತಿಕೊಂಡರು, ಅಂಗಳಕ್ಕೆ ಇಳಿದರು, ನೀರು ಚೆಲ್ಲಿದರು. ಖಾಲಿ ಕೊಡಪಾನವನ್ನು ನನ್ನ ಕೈಗೆ ಕೊಟ್ಟು, ನಮ್ಮ ಮನೆಮಾತಿನಲ್ಲಿ ಮೆಲ್ಲಗೆ ಹೇಳಿದರು, "ಬಾ."

ಅವರು ಗೇಟಿನ ಕಡೆ ಹೋಗಲಿಲ್ಲ. ಮಳೆಯಲ್ಲಿ ನೆನೆಯುತ್ತ ಮೈದಾನದ ಅಂಚಿಗೆ, ದಂಡೆ ಕಡಿದ ಜಾಗಕ್ಕೆ ನಡೆದರು. ನಾವು ಹಿಂದೆ. ಕಡಿದ ಬಾಯಲ್ಲಿ ನೀರು ಮತ್ತೆ ರಭಸದಿಂದ ಇಳಿಯತೊಡಗಿತ್ತು. ಕೆಳಗೆ ಅಕ್ಕನ ಅರ್ಧ ಮನೆ ಕಾಣುತ್ತಿತ್ತು.

"ಮುಚ್ಚಲಿಕ್ಕೆ ಎಂತ ಉಂಟು?" ಎಂದೆ. "ಹಾರೆ ಉಂಟಾ?"

"ಮಣ್ಣು ನಿಲ್ಲುವುದಿಲ್ಲ" ಎಂದರು.

ಆಗ ಅಕ್ಕ ಪಾದೆಯ ಮೇಲಿನ ರೋಲರನ್ನು ಗಲ್ಲ ಎತ್ತಿ ತೋರಿಸಿದಳು. "ಅದು ಎಂತಕ್ಕೆ ಉಂಟು ಪೊರ್ಬುಗಳೇ? ದೇವರ ಹಾಗೆ ಅಲ್ಲಿ ಕೂರಿಸಿದ್ದೀರಿ!"

ನನ್ನ ಗಂಡ ರೋಲರನ್ನು ನೋಡಿದರು. ಅದನ್ನು ಅವರು ವರ್ಷಗಟ್ಟಲೆ ಎತ್ತುಗಳ ಹಿಂದೆ ನಡೆಸಿದ್ದರು. ಅದರ ಕಬ್ಬಿಣಕ್ಕೆ ತುಕ್ಕು ಹಿಡಿಯದ ಹಾಗೆ ಪ್ರತಿ ಮೇ ತಿಂಗಳಲ್ಲಿ ತಾವೇ ಬಣ್ಣ ಬಳಿಯುತ್ತಿದ್ದರು. ಆಮೇಲೆ ಬಗ್ಗಿ ಅಡಿಯ ಕಲ್ಲುಗಳನ್ನು ಒಂದೊಂದಾಗಿ ಕಿತ್ತರು.

"ಎಲ್ಲರೂ ಈ ಬದಿ ಬನ್ನಿ. ಎದುರು ನಿಲ್ಬೇಡಿ" ಎಂದರು.

ನಾವು ಭುಜ ಕೊಟ್ಟೆವು. ಹುಲ್ಲು ಕೊಯ್ಯುವ ಹೆಂಗಸರೂ ಓಡಿಬಂದು ಸೇರಿಕೊಂಡರು. ಮೊದಲು ಅದು ಅಲುಗಲಿಲ್ಲ. ಆಮೇಲೆ ಒದ್ದೆ ಪಾದೆಯ ಮೇಲೆ ಒಮ್ಮೆಲೇ ಜಾರಿ, ಉರುಳಿ, ಆ ಕಡಿದ ಬಾಯಿಗೆ ಅಡ್ಡವಾಗಿ ಬಿದ್ದು, ಕಬ್ಬಿಣದ ಚೌಕಟ್ಟು ಮುರಿದುಕೊಂಡು ಕೂತಿತು. ಕೊಯ್ದು ರಾಶಿ ಹಾಕಿದ ಹುಲ್ಲನ್ನು ಅಪ್ಪಿಕೊಂಡು ತಂದು ನಾವು ಸಂದಿಗಳಿಗೆ ತುರುಕಿದೆವು, ಮೇಲೆ ಕೆಸರು ಮೆತ್ತಿದೆವು. ಅಕ್ಕ ಕಾಲಿನಿಂದ ಒದ್ದು ಒದ್ದು ತುರುಕುತ್ತಿದ್ದಳು, ಬಾಯಲ್ಲಿ ತುಳುವಿನ ಬೈಗಳು. ಅವುಗಳಲ್ಲಿ ಕೆಲವನ್ನು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ.

ಸೆಕ್ರೆಟರಿ ಕೊಡೆ ಹಿಡಿದು ಓಡಿಬರುವಷ್ಟರಲ್ಲಿ ನೀರು ನಿಂತಿತ್ತು. ನಿಂತ ನೀರು ಹಿಂದಕ್ಕೆ ಸರಿಯಿತು. ಅವರ ನಡುತಗ್ಗು ತುಂಬಿತು, ಕುಳಿಗಳ ಗುರುತಿಗೆ ನೆಟ್ಟ ಧ್ವಜದ ಕೋಲುಗಳ ಬುಡ ಮುಳುಗಿತು, ಎರಡು ಬ್ರೌನುಗಳು ಮಾಯವಾದವು. ಅವನು ನನ್ನ ಗಂಡನಿಗೆ ಏನೇನೋ ಅಂದ. ನನ್ನ ಗಂಡ ಕನ್ನಡದಲ್ಲೇ ಉತ್ತರ ಕೊಟ್ಟರು, "ನಾಳೆಯಿಂದ ನಾನು ಬರುವುದಿಲ್ಲ." ಅವನಿಗೆ ಅರ್ಥವಾಯಿತೋ ಇಲ್ಲವೋ ತಿಳಿಯದು. ನಾವು ಗುಡ್ಡೆ ಇಳಿದೆವು.

ಸೋಮವಾರ ಪೋಲೀಸಿನವನೊಬ್ಬ ಬಂದ. ನಮ್ಮೂರ ಕಡೆಯವನೇ. ರೋಲರನ್ನು ಉರುಳಿಸಿದವರು ಯಾರು ಎಂದು ಮನೆ ಮನೆಗೆ ಕೇಳಿದ.

"ಮಳೆಗೆ ಜಾರಿತು" ಎಂದಳು ಅಕ್ಕ.

"ಅಷ್ಟು ದೊಡ್ಡದು ತನ್ನಷ್ಟಕ್ಕೆ ಜಾರ್ತದಾ?"

"ನಮ್ಮ ಗೋಡೆ ತನ್ನಷ್ಟಕ್ಕೆ ಬಿತ್ತಲ್ಲ ಮಾರಾಯ. ಇಲ್ಲಿಯ ಮಳೆಯೇ ಹಾಗೆ. ಬೇಕಾದ್ರೆ ದೊರೆಗಳ ಹತ್ರವೇ ಕೇಳು, ಮೊನ್ನೆ ಅವರೇ ಹೇಳಿದ್ದು."

ಜಗಲಿಯಲ್ಲಿ ಸೆಕ್ರೆಟರಿ ಏನು ಅಂದನೆಂದು ಅವಳಿಗೆ ನಾನೇ ತಿಳಿಸಿದ್ದೆ. ಎಲ್ಲ ಮನೆಯಲ್ಲೂ ಪೋಲೀಸಿನವನಿಗೆ ಅದೇ ಉತ್ತರ ಸಿಕ್ಕಿತು. ಅವನು ಅಕ್ಕನ ಬಿದ್ದ ಗೋಡೆಯನ್ನೂ ಬಾವಿಯನ್ನೂ ನೋಡಿ, ತಲೆ ಕೆರೆದುಕೊಂಡು ಹೋದ. ಮತ್ತೆ ಬರಲಿಲ್ಲ.

ಶಾಲೆಯಲ್ಲಿ ಮಾತ್ರ ನನ್ನನ್ನು ಕರೆದರು. ಮುಖ್ಯಸ್ಥೆಯಾಗಿದ್ದ ಕನ್ಯಾಸ್ತ್ರೀ ನನ್ನನ್ನು ನಿಲ್ಲಿಸಿಯೇ ಮಾತಾಡಿದರು. ಕಲಿಸುವವಳು ಕೊಡಪಾನ ಹೊತ್ತು ಗಂಡಸರ ಕ್ಲಬ್ಬಿಗೆ ನುಗ್ಗುವುದು ಎಂಥ ನಡತೆ, ಹೋಗಿ ಕ್ಷಮೆ ಕೇಳು ಎಂದರು. ನಾನು, "ಅವರು ಬಂದು ನಮ್ಮ ಬಾವಿಯ ಎದುರು ಕ್ಷಮೆ ಕೇಳಲಿ ಸಿಸ್ಟರ್, ಮತ್ತೆ ನಾನು ಹೋಗ್ತೇನೆ" ಎಂದೆ. ಅವರು ಹಾಜರಿ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. "ಕ್ಲಾಸಿಗೆ ಹೋಗು" ಎಂದರು. ನನ್ನ ಕೆಲಸ ಉಳಿಯಿತು. ಯಾಕೆ ಉಳಿಸಿದರೆಂದು ನಾನು ಕೇಳಲಿಲ್ಲ.

ಅಕ್ಕನ ಗೋಡೆಯನ್ನು ನಾವೆಲ್ಲ ಸೇರಿ ಮುರಕಲ್ಲಿನಿಂದ ಕಟ್ಟಿದೆವು. ಕಲ್ಲು ಹೊತ್ತವರು ಹೆಚ್ಚಾಗಿ ನನ್ನ ಗಂಡ. ಅವಳು ಮೊದಲ ಕೆಲವು ದಿನ ಅವರೊಡನೆ ಮಾತಾಡಲಿಲ್ಲ. ಕಡೆಯ ಸಾಲು ಇಡುವ ದಿನ ಒಂದು ಲೋಟ ಬೆಲ್ಲದ ನೀರು ತಂದು ಗೋಡೆಯ ಮೇಲಿಟ್ಟು, "ಕುಡೀರಿ, ಕೊಟ್ಟಾರದ ನೀರು" ಎಂದಳು. ಅವರು ನಿಂತಲ್ಲೇ ಕುಡಿದರು. ಬಾವಿಯನ್ನು ಮಳೆ ಮುಗಿದ ಮೇಲೆ ಬತ್ತಿಸಿ, ಕೆಸರು ಎತ್ತಿ, ಸುಣ್ಣ ಹಾಕಿದೆವು. ಆದರೂ ಮುಂದಿನ ಬೇಸಿಗೆಯವರೆಗೆ ಅದರ ನೀರಿಗೆ ಎಣ್ಣೆಯ ವಾಸನೆ ಹೋಗಲಿಲ್ಲ. ಕ್ಲಬ್ಬಿನಿಂದ ಯಾರೂ ಇಳಿದು ಬಂದು ಇಣುಕಿ ನೋಡಲಿಲ್ಲ. ಕಡಿದ ದಂಡೆಯನ್ನು ಅವರು ಮತ್ತೆ ತೆರೆಯಲೂ ಇಲ್ಲ.

ನನ್ನ ಗಂಡ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಗೆ ಸೇರಿದರು. ನನ್ನ ಅಪ್ಪನೇ ಹೇಳಿ ಸೇರಿಸಿದ್ದು. ಹಂಚು ಸುಡುವ ಆವಿಗೆಯ ಬಿಸಿ ಅವರಿಗೆ ಹಿಡಿಸಲಿಲ್ಲ, ಆದರೂ ಬಿಡಲಿಲ್ಲ. ಅವರ ಮೇಲೆ ನನಗಿದ್ದ ಸಿಟ್ಟು ಯಾವಾಗ ಹೋಯಿತೆಂದು ಹೇಳಲಾರೆ. ರೋಲರಿನ ಅಡಿಯ ಕಲ್ಲು ಕಿತ್ತಾಗ ಅರ್ಧ ಹೋಗಿರಬೇಕು.

ಯುದ್ಧದ ಕಾಲದಲ್ಲಿ ಒಂದು ದಿನ ಹಂಪನಕಟ್ಟೆಯಲ್ಲಿ ನಾವಿಬ್ಬರೂ ಬಟ್ಟೆ ಕೊಂಡು ಅಂಗಡಿಯಿಂದ ಹೊರಗೆ ಬಂದೆವು. ಎದುರಿನಿಂದ ಆ ಸೆಕ್ರೆಟರಿ ಬರುತ್ತಿದ್ದ, ಸ್ವಲ್ಪ ದಪ್ಪಗಾಗಿದ್ದ. ಅಂಗಡಿಯ ಮುಂದೆ ನಡೆಯುವ ದಾರಿ ಕಿರಿದು, ಪಕ್ಕದಲ್ಲಿ ಚರಂಡಿ. ನನ್ನ ಗಂಡ ಹಳೆಯ ಅಭ್ಯಾಸಕ್ಕೆ ಪಕ್ಕಕ್ಕೆ ಸರಿಯಹೊರಟರು. ನಾನು ಅವರ ತೋಳು ಹಿಡಿದು ನಿಲ್ಲಿಸಿದೆ. ಅವನು ನಮ್ಮೆದುರು ಬಂದು ನಿಂತ, ನನ್ನ ಮುಖ ನೋಡಿದ. ಗುರುತು ಸಿಕ್ಕಿತೋ ಇಲ್ಲವೋ ನನಗೆ ಬೇಕಿರಲಿಲ್ಲ. ನಾನು ಸರಿಯಲಿಲ್ಲ. ಅವನು ಚರಂಡಿಯ ಕೆಸರಿಗೆ ಒಂದು ಕಾಲು ಇಟ್ಟು, ನಮ್ಮನ್ನು ಸುತ್ತಿ ದಾಟಿಹೋದ.

"ಸಾಕಲ್ಲ ಇನ್ನು?" ಎಂದರು ನನ್ನ ಗಂಡ.

"ಸಾಕಾಗಲಿಲ್ಲ" ಎಂದೆ. ಬಸ್ಸು ಬಂತು, ಹತ್ತಿದೆವು.